ನ್ಯೂಟ್ರಲ್ ಹಾಕಿ ಇಳಿಸಿ ಎಂದವರು ನಿಮ್ಮವರೇ

ಇಂದ,
ಒಬ್ಬ ಅಡಿಕೆ ಬೆಳೆಗಾರ,
ಶಿರಸಿ ತಾಲ್ಲೂಕು, ಉತ್ತರ ಕನ್ನಡ ಜಿಲ್ಲೆ.

ಗೆ,
ಮುಖ್ಯಸ್ಥರು,
ಗ್ರಾಹಕ ಸೇವಾ ವಿಭಾಗ.
ಪ್ರತಿ: ಹುಬ್ಬಳ್ಳಿಯಲ್ಲಿರುವ ನಿಮ್ಮ ಡೀಲರ್‌ಗೆ.

ವಿಷಯ: ಡೀಸೆಲ್ ಯುಟಿವಿ (ತೋಟದಲ್ಲಿ ಭಾರ ಹೊರುವ ನಾಲ್ಕು ಚಕ್ರದ) ಗಾಡಿ ಮಗುಚಿದ್ದು, ನಿಮ್ಮವರ ತಪ್ಪು ತರಬೇತಿ ಮತ್ತು ರಿಪೇರಿ ನಿರಾಕರಿಸಿದ್ದರ ಕುರಿತು.

ಮಾನ್ಯರೇ,

ಮೊನ್ನೆ ನೀವು ಕಳಿಸಿದ ಮೇಲ್ ಓದಿದೆ. ಓದಿದೆ ಅಂದರೆ, ಅಣ್ಣನ ಮಗ ಜಗಲಿಯಲ್ಲಿ ಕೂತು ಅದನ್ನು ಓದಿ ನನಗೆ ಕನ್ನಡದಲ್ಲಿ ಹೇಳಿದ. ಗಾಡಿ ಮಗುಚಿದ್ದು ಓಡಿಸಿದವರ ತಪ್ಪಿನಿಂದ, ಇಳಿಜಾರಿನಲ್ಲಿ ನ್ಯೂಟ್ರಲ್ ಹಾಕಿ ಇಳಿಸಬಾರದು ಎಂದು ಗಾಡಿಯ ಜೊತೆ ಕೊಟ್ಟ ಪುಸ್ತಕದಲ್ಲೇ ಬರೆದಿದೆ, ಆದ್ದರಿಂದ ವಾರಂಟಿ ಸಿಗುವುದಿಲ್ಲ. ಇಷ್ಟೇ ಅದರಲ್ಲಿದ್ದದ್ದು.

ಪುಸ್ತಕದಲ್ಲಿ ಹಾಗೆ ಬರೆದಿರುವುದು ನಿಜ. ಗಾಡಿ ಮಗುಚಿದ ದಿನ ರಾತ್ರಿ ನಾವೂ ನೋಡಿದೆವು. ಆದರೆ ನ್ಯೂಟ್ರಲ್ ಹಾಕಿ ಇಳಿಸಿ ಎಂದು ನಮಗೆ ಕಲಿಸಿದ್ದು ನಿಮ್ಮ ಡೀಲರ್ ಕಳಿಸಿದ ಹುಡುಗ. ನಿಮ್ಮ ಕಂಪನಿಯ ಹೆಸರಿದ್ದ ಟೀ ಶರ್ಟ್ ಹಾಕಿಕೊಂಡೇ ಕಲಿಸಿದ.

ಕಳೆದ ದೀಪಾವಳಿಯ ಮುಂಚೆ ಗಾಡಿ ನಮ್ಮ ಅಂಗಳಕ್ಕೆ ಬಂತು. ಜೊತೆಗೆ ಬಂದ ಹುಡುಗ ಅರ್ಧ ಗಂಟೆ ಇದ್ದ. ಅದರಲ್ಲಿ ಚಹಾ, ಅವಲಕ್ಕಿಗೆ ಹತ್ತು ನಿಮಿಷ ಹೋಯಿತು. ಕೀಲಿ ಅರ್ಧ ತಿರುಗಿಸಿ ಹೀಟರ್ ದೀಪ ಆರುವವರೆಗೆ ಕಾಯಬೇಕು, ಆಮೇಲೆ ಸ್ಟಾರ್ಟ್ ಮಾಡಬೇಕು ಎಂದು ತೋರಿಸಿದ. ನಾಲ್ಕು ಚಕ್ರಕ್ಕೂ ಓಟ ಕೊಡುವ ಲಿವರ್ ತೋರಿಸಿದ. ಸರಕು ಹೇರುವ ಹಿಂದಿನ ಡಬ್ಬಿ ಎತ್ತಿ ಇಳಿಸಿದ. ಅಡಿಕೆ ಒಣಗಿಸುವ ಅಂಗಳದಲ್ಲಿ ಎರಡು ಸುತ್ತು ಹೊಡೆದ. ನಮ್ಮ ಅಂಗಳ ಅಂಗೈಯಷ್ಟು ಸಪಾಟು. ತೋಟಕ್ಕೆ ಇಳಿಯುವ ದಾರಿ ಹಾಗಲ್ಲ. ಮನೆ ಮೇಲಿದೆ, ತೋಟ ಕಣಿವೆಯಲ್ಲಿದೆ, ನಡುವೆ ಚಿರೆಕಲ್ಲು ಕಡಿದು ಮಾಡಿದ ಇಳಿಜಾರು. ಒಮ್ಮೆ ಅಲ್ಲಿ ಓಡಿಸಿ ತೋರಿಸು ಮಾರಾಯಾ ಎಂದೆ. "ಟೈಮಿಲ್ಲ ಹೆಗಡೇರೇ, ಯಲ್ಲಾಪುರದಲ್ಲಿ ಇನ್ನೊಂದು ಡೆಲಿವರಿ ಇದೆ. ಇಳಿಯೋವಾಗ ನ್ಯೂಟ್ರಲ್ ಹಾಕಿ ಬಿಟ್‌ಬಿಡಿ, ಬ್ರೇಕ್ ಮೇಲೆ ಕಾಲಿಟ್ಟಿರಿ, ಡೀಸೆಲ್ ಒಂದು ತೊಟ್ಟೂ ಖರ್ಚಾಗಲ್ಲ" ಎಂದ.

ಇನ್ನೂ ಎರಡು ಮಾತು ಹೇಳಿದ್ದ. ಕೆಲಸದವರನ್ನು ಹಿಂದಿನ ಡಬ್ಬಿಯಲ್ಲಿ ಕೂರಿಸಿಕೊಂಡು ಹೋಗಬಹುದಂತೆ. ಶಿರಸಿಯ ಟಿ.ಎಸ್.ಎಸ್. (ಅಡಿಕೆ ಬೆಳೆಗಾರರ ಮಾರಾಟ ಸಹಕಾರ ಸಂಘ) ಅಂಗಳದವರೆಗೂ ಅಡಿಕೆ ಚೀಲ ಹೇರಿಕೊಂಡು ಓಡಿಸಬಹುದಂತೆ. ಗಾಡಿಗೆ ನಂಬರ್ ಪ್ಲೇಟೇ ಇಲ್ಲ, ಡಾಂಬರು ರಸ್ತೆಗೆ ಹೇಗಪ್ಪಾ ಇಳಿಸುವುದು ಎಂದು ಕೇಳಿದ್ದಕ್ಕೆ, "ಯಾರೂ ಹಿಡಿಯಲ್ಲ ಬಿಡಿ" ಎಂದು ನಕ್ಕ. ಪುಣ್ಯಕ್ಕೆ ಈ ಎರಡು ಮಾತನ್ನು ನಾವು ಕೇಳಲಿಲ್ಲ. ನ್ಯೂಟ್ರಲ್ ಮಾತು ಮಾತ್ರ ಕೇಳಿದೆವು.

ನನಗೆ ಗೊತ್ತಿರಲಿಲ್ಲವೇ ಎಂದು ನೀವು ಕೇಳಬಹುದು. ಸ್ವಲ್ಪ ಗೊತ್ತಿತ್ತು. ದೇವಿಮನೆ ಘಟ್ಟ ಇಳಿಯುವ ಲಾರಿಯವರನ್ನು ಕೇಳಿದರೆ, ಯಾವ ಗೇರಿನಲ್ಲಿ ಹತ್ತುತ್ತೀಯೋ ಅದೇ ಗೇರಿನಲ್ಲಿ ಇಳಿ ಎನ್ನುತ್ತಾರೆ. ಇದು ನಮ್ಮ ಕಡೆ ಮಕ್ಕಳಿಗೂ ಗೊತ್ತು. ಆದರೆ ಇದು ಹೊಸ ನಮೂನೆಯ ಗಾಡಿ, ಕಂಪನಿಯವನೇ ಹೇಳುತ್ತಿದ್ದಾನೆ, ಇದರ ಲೆಕ್ಕ ಬೇರೆ ಇರಬಹುದು ಅಂದುಕೊಂಡೆ. ಅದು ನನ್ನ ತಪ್ಪು, ಒಪ್ಪುತ್ತೇನೆ.

ಬೇಸಿಗೆ ಪೂರ್ತಿ ಏನೂ ಆಗಲಿಲ್ಲ. ಸೊಪ್ಪಿನ ಬೆಟ್ಟದಿಂದ ದರಕು (ಒಣ ಎಲೆ) ತಂದೆವು, ಗೊಬ್ಬರ ಇಳಿಸಿದೆವು. ದಾರಿ ಒಣಗಿತ್ತು, ಬ್ರೇಕ್ ಹಿಡಿಯುತ್ತಿತ್ತು. ಅಷ್ಟು ತಿಂಗಳು ನ್ಯೂಟ್ರಲ್‌ನಲ್ಲೇ ಇಳಿದು ಅದೇ ರೂಢಿಯಾಯಿತು.

ಮಳೆಗಾಲ ಬಂತು. ಅಡಿಕೆಯ ಕೊಳೆ ರೋಗಕ್ಕೆ ಎರಡನೇ ಸಲ ಮದ್ದು ಹೊಡೆಯುವ ದಿನ. ನೂರು ಲೀಟರ್ ನೀರಿಗೆ ಒಂದು ಕಿಲೋ ಮೈಲುತುತ್ತ, ಒಂದು ಕಿಲೋ ಸುಣ್ಣ ಎಂಬ ಲೆಕ್ಕದಲ್ಲಿ ಮನೆಯ ಹತ್ತಿರವೇ ಬೋರ್ಡೋ ಕಲಸಿದೆವು. 200 ಲೀಟರ್ ಡ್ರಮ್ಮಿನಲ್ಲಿ ಮುಕ್ಕಾಲು ತುಂಬಿ, ಡಬ್ಬಿಯಲ್ಲಿ ನಿಲ್ಲಿಸಿ, ನೈಲಾನ್ ಹಗ್ಗ ಬಿಗಿದೆವು. ಹತ್ತಿರ ಹತ್ತಿರ 150 ಕಿಲೋ. ನಿಮ್ಮ ಗಾಡಿ ಹೊರಬಹುದಾದ ಭಾರಕ್ಕಿಂತ ಬಹಳ ಕಡಿಮೆಯೇ. ಆದರೆ ಡ್ರಮ್ಮು ಎತ್ತರ, ಒಳಗಿನ ನೀರು ಸುಮ್ಮನಿರುವುದಿಲ್ಲ. ಪೂರ್ತಿ ತುಂಬಿದ ಡ್ರಮ್ಮಿಗಿಂತ ಅರೆಬರೆ ತುಂಬಿದ್ದು ಹೆಚ್ಚು ತೊಂದರೆ ಕೊಡುತ್ತದೆ, ಗಾಡಿ ಓರೆಯಾದ ಕಡೆಗೇ ಅದರ ಭಾರವೂ ಓಡುತ್ತದೆ ಎಂಬುದನ್ನು ನಿಮ್ಮ ಹುಡುಗ ಹೇಳಲಿಲ್ಲ, ನಮಗೂ ಹೊಳೆಯಲಿಲ್ಲ.

ಓಡಿಸುತ್ತಿದ್ದವನು ಅಣ್ಣನ ಮಗ. ನಾನು ಹಿಂದೆ ಕೊಡೆ ಹಿಡಿದು ನಡೆದು ಬರುತ್ತಿದ್ದೆ. ಮೊದಲ ತಿರುವಿನವರೆಗೆ ಸರಿಯಾಗಿಯೇ ಹೋದ. ಆಮೇಲೆ ಗಾಡಿ ಓಟ ಹಿಡಿಯಿತು. ಎಂಜಿನ್ ಸದ್ದು ಅಷ್ಟೇ ಇದೆ, ಗಾಡಿಯ ವೇಗ ಮಾತ್ರ ಏರುತ್ತಿದೆ. ಅದೇ ನನಗೆ ಹೆದರಿಕೆ ಹುಟ್ಟಿಸಿದ್ದು. ಅವನು ಬ್ರೇಕ್ ಒತ್ತಿದ. ಚಕ್ರ ನಿಂತವು, ಗಾಡಿ ನಿಲ್ಲಲಿಲ್ಲ. ಪಾಚಿ ಕಟ್ಟಿದ ಚಿರೆಕಲ್ಲಿನ ಮೇಲೆ ಜಾರುತ್ತಲೇ ಹೋಯಿತು. ಎರಡನೇ ತಿರುವಿನಲ್ಲಿ ಸ್ಟೀರಿಂಗ್ ತಿರುಗಿಸಿದ, ಗಾಡಿ ತಿರುಗಲಿಲ್ಲ. ಎಡಗಡೆಯ ಚಕ್ರ ಧರೆಯ ಅಂಚಿನಿಂದ ಇಳಿಯಿತು. ಡ್ರಮ್ಮಿನೊಳಗಿನ ನೀರು ಗುಳುಂ ಎಂದು ಒಂದೇ ಕಡೆ ಬಂದದ್ದು ನನಗೆ ಕೇಳಿಸಿತು. ಹಗ್ಗ ಕಿತ್ತಿತು. ಗಾಡಿ ಮಗ್ಗುಲಾಗಿ ಬಿತ್ತು.

ಓಡಿ ಹೋಗಿ ನೋಡಿದರೆ ಹುಡುಗ ಬೆಲ್ಟಿನಲ್ಲಿ ಓರೆಯಾಗಿ ನೇತಾಡುತ್ತಿದ್ದ, ಎರಡೂ ಕೈ ಸ್ಟೀರಿಂಗ್ ಮೇಲೇ ಇದ್ದವು. ಅಂಗಿ, ಮುಖ, ಪಕ್ಕದ ಜರೀಗಿಡ ಎಲ್ಲ ನೀಲಿ. "ಚಿಕ್ಕಪ್ಪ, ಮೊದ್ಲು ಕೀಲಿ ತೆಗಿ" ಎಂದ. ಕೀಲಿ ತಿರುಗಿಸಿದೆ, ಎಂಜಿನ್ ನಿಂತಿತು. ಮೊಣಕೈ ತರಚಿದ್ದು ಬಿಟ್ಟರೆ ಅವನಿಗೆ ಏನೂ ಆಗಿರಲಿಲ್ಲ. ಮೇಲಿನ ಕಂಬಿಯ ಚೌಕಟ್ಟು ಒಂದು ಚಿರೆಕಲ್ಲಿನ ಮೇಲೆ ಕೂತಿತ್ತು. ಅದು ಇಲ್ಲದಿದ್ದರೆ ಆ ಕಲ್ಲಿನ ಮೇಲೆ ಕೂರುತ್ತಿದ್ದದ್ದು ಅವನ ತಲೆ. ಗಾಡಿ ಬೀಳುವಾಗ ತಡೆಯಲು ಕೈಯನ್ನೋ ಕಾಲನ್ನೋ ಹೊರಗೆ ಚಾಚಿದ್ದರೆ ಅದು ಕಂಬಿಯ ಅಡಿಗೆ ಸಿಕ್ಕುತ್ತಿತ್ತು. ಇಲ್ಲಿ ನಿಮ್ಮ ಗಾಡಿಯನ್ನು ಹೊಗಳಲೇಬೇಕು, ಆ ಚೌಕಟ್ಟು ತನ್ನ ಕೆಲಸ ಮಾಡಿದೆ. ಆದರೆ ಬೆಲ್ಟ್ ಹಾಕಿರಿ ಎಂದು ನಿಮ್ಮವರು ಒಮ್ಮೆಯೂ ಹೇಳಿರಲಿಲ್ಲ. ಅವನು ಬೆಂಗಳೂರಿನಲ್ಲಿ ಕಾರು ಓಡಿಸಿ ಬಂದವನು, ಆ ಅಭ್ಯಾಸದಿಂದ ಹಾಕಿಕೊಂಡಿದ್ದ. ಬೆಲ್ಟ್ ಇಲ್ಲದಿದ್ದರೆ ಅದೇ ಕಂಬಿ ಅವನ ಮೇಲೆ ಬೀಳುತ್ತಿತ್ತು, ಅಲ್ವಾ? ಇನ್ನೊಂದು ಮಾತು. ಡೆಲಿವರಿ ದಿನ ನಿಮ್ಮ ಹುಡುಗ "ಸೋಗೆಗೆ ತಾಗತ್ತೆ ಅನ್ಸಿದ್ರೆ ಈ ಕಂಬಿ ಬಿಚ್ಚಿಡಿ, ನಾಲ್ಕೇ ಬೋಲ್ಟು" ಎಂದೂ ಹೇಳಿದ್ದ. ಸ್ಪ್ಯಾನರ್ ಹುಡುಕಲು ನನಗೆ ಸೋಮಾರಿತನ, ಅದಕ್ಕೆ ಬಿಚ್ಚಿರಲಿಲ್ಲ.

ಡೀಲರ್‌ಗೆ ಫೋನ್ ಮಾಡಿದೆವು. "ಎತ್ತಿ ನಿಲ್ಸಿ, ಒಮ್ಮೆ ಸ್ಟಾರ್ಟ್ ಮಾಡಿ ನೋಡಿ" ಎಂದರು. ನಾವು ಮಾಡಲಿಲ್ಲ. ನಮ್ಮೂರಿನ ಟ್ರ್ಯಾಕ್ಟರ್ ಮೆಕ್ಯಾನಿಕ್ ಬಂದು ಬೇಡವೇ ಬೇಡ ಎಂದ. ಮಗ್ಗುಲಾದ ಎಂಜಿನ್‌ನಲ್ಲಿ ಆಯಿಲ್ ಸಿಲಿಂಡರಿನೊಳಗೆ ಇಳಿದಿರಬಹುದು, ಹಾಗೇ ತಿರುಗಿಸಿದರೆ ಪಿಸ್ಟನ್‌ಗೆ ಅದನ್ನು ಒತ್ತಲಾಗದೆ ಕನೆಕ್ಟಿಂಗ್ ರಾಡ್ ಬಗ್ಗುತ್ತದೆ ಎಂದ. ಏರ್ ಫಿಲ್ಟರ್ ಬಿಚ್ಚಿದರೆ ಅದು ಆಯಿಲಿನಲ್ಲಿ ನೆನೆದಿತ್ತು. ಅವನ ಮಾತು ಕೇಳಿದ್ದರಿಂದ ಎಂಜಿನ್ ಉಳಿಯಿತು. ನಿಮ್ಮ ಡೀಲರ್ ಮಾತು ಕೇಳಿದ್ದರೆ ಆ ಹಾನಿಯನ್ನೂ ನೀವು "ತಪ್ಪು ಬಳಕೆ" ಎಂದೇ ಬರೆಯುತ್ತಿದ್ದಿರಿ.

ಡೀಸೆಲ್ ಉಳಿಯುತ್ತದೆ ಎಂಬ ಮಾತೂ ಸುಳ್ಳು ಎಂದು ಅದೇ ಮೆಕ್ಯಾನಿಕ್ ಬಿಡಿಸಿ ಹೇಳಿದ. ಗೇರಿನಲ್ಲಿಟ್ಟು ಆಕ್ಸಿಲರೇಟರ್ ಬಿಟ್ಟರೆ ಚಕ್ರಗಳೇ ಎಂಜಿನ್ ತಿರುಗಿಸುತ್ತವೆ, ಪಂಪು ಡೀಸೆಲ್ ಕೊಡುವುದನ್ನು ನಿಲ್ಲಿಸುತ್ತದೆ. ನ್ಯೂಟ್ರಲ್‌ನಲ್ಲಿ ಎಂಜಿನ್ ಬಂದ್ ಆಗದಿರಲು ಡೀಸೆಲ್ ಹೋಗುತ್ತಲೇ ಇರಬೇಕು. ಅಂದರೆ ಎಂಜಿನ್ನಿನ ಹಿಡಿತವನ್ನೂ ಕಳಕೊಂಡು, ಡೀಸೆಲ್ಲನ್ನೂ ಸುಟ್ಟೆವು. ಹದಿನೈದು ವರ್ಷ ಟ್ರ್ಯಾಕ್ಟರ್ ಬಿಚ್ಚಿ ಕಟ್ಟಿದವನಿಗೆ ಗೊತ್ತಿರುವುದು ಗಾಡಿ ಮಾರುವವರಿಗೆ ಗೊತ್ತಿರಬಾರದೇ?

ನಾಲ್ಕು ದಿನ ಬಿಟ್ಟು ಡೀಲರ್ ಕಡೆಯವರು ಬಂದರು. ಬಗ್ಗಿದ ಚೌಕಟ್ಟು ನೋಡಿ "ಕಾಯಿಸಿ ನೆಟ್ಟಗೆ ಮಾಡಿ, ಒಡೆದ ಕಡೆ ವೆಲ್ಡ್ ಹಾಕಿ ಕೊಡ್ತೇವೆ" ಎಂದರು. ಅಷ್ಟರಲ್ಲಿ ನಾವು ಪುಸ್ತಕ ಓದಿ ಮುಗಿಸಿದ್ದೆವು. ಬಗ್ಗಿದ, ಬಿರುಕು ಬಿಟ್ಟ ಚೌಕಟ್ಟನ್ನು ವೆಲ್ಡ್ ಮಾಡಬಾರದು, ನೆಟ್ಟಗೆ ಮಾಡಬಾರದು, ಹೊಸದನ್ನೇ ಹಾಕಬೇಕು ಎಂದು ನಿಮ್ಮ ಪುಸ್ತಕದಲ್ಲೇ ಇದೆ. ಬಂದವರಿಗೆ ಆ ಪುಟ ತೆರೆದು ತೋರಿಸಿದೆ. ಸ್ವಲ್ಪ ಹೊತ್ತು ನೋಡಿ, "ಆಫೀಸಿಗೆ ಕೇಳಿ ಹೇಳ್ತೇವೆ" ಎಂದು ಹೊರಟರು. ಆಮೇಲೆ ಬಂದದ್ದು ನಿಮ್ಮ ಮೇಲ್, ಅದರ ಜೊತೆಗೆ 86,000 ರೂಪಾಯಿಯ ಅಂದಾಜು ಪಟ್ಟಿ.

ಪುಸ್ತಕದ ಬಗ್ಗೆಯೂ ಒಂದು ಮಾತು. ಇಂಗ್ಲಿಷ್‌ನಲ್ಲಿದೆ, ಹಿಂದಿಯಲ್ಲಿದೆ. ಕನ್ನಡದಲ್ಲಿ ಒಂದು ಸಾಲೂ ಇಲ್ಲ. ಗಾಡಿಗೆ ಅಂಟಿಸಿದ ಹಳದಿ ಸ್ಟಿಕ್ಕರುಗಳೂ ಇಂಗ್ಲಿಷ್. ನಮ್ಮ ಮನೆಯಲ್ಲಿ ಇಂಗ್ಲಿಷ್ ಓದುವ ಹುಡುಗನೊಬ್ಬ ಇದ್ದಾನೆ, ಎಲ್ಲ ಮನೆಯಲ್ಲೂ ಇರುತ್ತಾನೆಯೇ? ಅವನು ಓದಿ ಹೇಳಿದಾಗ ಗೊತ್ತಾಯಿತು, ಬೇಸಿಗೆಯಲ್ಲಿ ನಾವು ಇನ್ನೊಂದು ಗಂಡಾಂತರದಿಂದಲೂ ಪಾರಾಗಿದ್ದೆವು ಎಂದು. ದರಕು ಸಾಗಿಸುವ ದಿನಗಳಲ್ಲಿ ಒಮ್ಮೆ ಡಬ್ಬಿಯ ಅಡಿಯಿಂದ ಸುಟ್ಟ ವಾಸನೆ ಬಂದಿತ್ತು. ಬಗ್ಗಿ ನೋಡಿದರೆ ಸೈಲೆನ್ಸರ್ ಮೇಲೆ ಒಣ ಎಲೆ ಗೂಡು ಕಟ್ಟಿತ್ತು, ಅಂಚು ಕೆಂಪಗಾಗಿ ಹೊಗೆಯಾಡುತ್ತಿತ್ತು. ಕೋಲಿನಿಂದ ಕೆದಕಿ, ಚೆಂಬಿನಲ್ಲಿದ್ದ ಕುಡಿಯುವ ನೀರು ಹಾಕಿ ಆರಿಸಿದೆ. ಒಣ ಎಲೆ, ಹುಲ್ಲು ಇರುವ ಕಡೆ ಓಡಿಸಿದರೆ ಸೈಲೆನ್ಸರ್ ಸುತ್ತ, ರೇಡಿಯೇಟರ್ ಜಾಲರಿಯಲ್ಲಿ ಸೇರಿದ ಕಸವನ್ನು ಆಗಾಗ ತೆಗೆಯಬೇಕು ಎಂದು ಪುಸ್ತಕದಲ್ಲಿದೆಯಂತೆ. ಫೆಬ್ರವರಿ, ಮಾರ್ಚಿನಲ್ಲಿ ನಮ್ಮ ಬೆಟ್ಟದ ನೆಲ ಪೂರ್ತಿ ಒಣ ಎಲೆಯೇ. ಶಿರಸಿ ಸೀಮೆಗೆ ಗಾಡಿ ಮಾರುವವರು ಮೊದಲು ಹೇಳಬೇಕಾದ ಮಾತು ಅದು.

ಈಗ ನಾನು ಕೇಳುತ್ತಿರುವುದು ಇದು. ಹೊಸ ಚೌಕಟ್ಟು ಮತ್ತು ಹೊಸ ಬೆಲ್ಟನ್ನು ನಿಮ್ಮ ಖರ್ಚಿನಲ್ಲಿ ಹಾಕಿಕೊಡಿ, ಬ್ರೇಕ್ ಮತ್ತು ಸ್ಟೀರಿಂಗ್ ಪೂರ್ತಿ ಬಿಚ್ಚಿ ನೋಡಿ. ನಜ್ಜಾದ ಬಾಗಿಲು, ಒಡೆದ ದೀಪಕ್ಕೆ ನಾನೇ ದುಡ್ಡು ಕೊಡುತ್ತೇನೆ. ಡ್ರಮ್ಮು ಕಟ್ಟಿದ್ದು ನಾವು, ಅದರ ಪಾಲು ನಮ್ಮದು. ಎರಡನೆಯದು, ನಿಮ್ಮಲ್ಲಿ ನಿಜವಾಗಿ ತಿಳಿದವರೊಬ್ಬರನ್ನು ಕಳಿಸಿ. ಅಂಗಳದಲ್ಲಿ ಬೇಡ, ತೋಟದ ದಾರಿಯಲ್ಲೇ ಕಲಿಸಲಿ. ಇಳಿಯುವ ಮೊದಲೇ ಲೋ ಗೇರಿಗೆ ಹಾಕುವುದು, ನೇರ ಇಳಿಯುವುದು, ಇಳಿಜಾರಿನ ನಡುವೆ ಅಡ್ಡ ತಿರುಗಿಸದಿರುವುದು, ನೀರಿನ ಭಾರ ಎಷ್ಟು ಹೇರಬಹುದು, ಎಲ್ಲಿ ಕಟ್ಟಬೇಕು, ಇದೆಲ್ಲ ಕೈಹಿಡಿದು ಕಲಿಯುವಂಥದ್ದು. ಈ ಜಿಲ್ಲೆಯಲ್ಲಿ ಈ ಗಾಡಿ ಕೊಂಡ ಉಳಿದವರಿಗೂ ಹೇಳಿ, ಅವರಿಗೂ ಅದೇ ಹುಡುಗ ಅದೇ ಪಾಠ ಹೇಳಿರುತ್ತಾನೆ. ಮತ್ತೆ, ಪುಸ್ತಕದ ಸುರಕ್ಷತೆಯ ಪುಟಗಳನ್ನಾದರೂ ಕನ್ನಡದಲ್ಲಿ ಅಚ್ಚು ಹಾಕಿಸಿ. ಅದು ಇಪ್ಪತ್ತು ಪುಟವೂ ಇಲ್ಲ.

ಆ ಹುಡುಗನನ್ನು ಕೆಲಸದಿಂದ ತೆಗೆಯಿರಿ ಎಂದು ನಾನು ಕೇಳುತ್ತಿಲ್ಲ. ಅವನಿಗೂ ಯಾರೂ ಕಲಿಸಿಲ್ಲ ಎಂಬುದು ಮುಖ ನೋಡಿದರೇ ಗೊತ್ತಾಗುತ್ತಿತ್ತು.

2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯ 84ನೇ ಕಲಮು ನಿಮಗೆ ಗೊತ್ತಿರುತ್ತದೆ. ಸರಿಯಾದ ಬಳಕೆಯ ಬಗ್ಗೆ ಸಾಕಷ್ಟು ಸೂಚನೆ, ತಪ್ಪು ಬಳಕೆಯ ಬಗ್ಗೆ ಎಚ್ಚರಿಕೆ ಕೊಡದಿದ್ದರೆ, ಆದ ಹಾನಿಗೆ ತಯಾರಕರು ಹೊಣೆ ಎನ್ನುತ್ತದೆ ಅದು. ನಮಗೆ ಬರದ ಭಾಷೆಯಲ್ಲಿ ಬರೆದು, ನಮ್ಮ ಭಾಷೆಯಲ್ಲಿ ಉಲ್ಟಾ ಕಲಿಸಿದರೆ ಅದು ಸಾಕಷ್ಟು ಸೂಚನೆಯೇ ಎಂದು ಗ್ರಾಹಕರ ಆಯೋಗವೇ ಹೇಳಲಿ. ಗಾಡಿ ಬಾಡಿಗೆಗೆ ಬಿಟ್ಟದ್ದಲ್ಲ, ಸ್ವಂತ ದುಡಿಮೆಗೆ, ಹೊಟ್ಟೆಪಾಡಿಗೆ ಕೊಂಡದ್ದು. ಇಂದಿನಿಂದ 30 ದಿನದೊಳಗೆ ಉತ್ತರ ಬರದಿದ್ದರೆ ಕಾರವಾರದ ಜಿಲ್ಲಾ ಗ್ರಾಹಕರ ಆಯೋಗಕ್ಕೆ ಅರ್ಜಿ ಹಾಕುತ್ತೇನೆ. ಘಟ್ಟ ಇಳಿದು ಕಾರವಾರಕ್ಕೆ ಹೋಗಿ ಬರುವುದೆಂದರೆ ನನಗೆ ಒಂದು ದಿನದ ಕೆಲಸ ಕೆಡುತ್ತದೆ, ಆದರೂ ಹೋಗುತ್ತೇನೆ. ಬಿಲ್ಲಿನ ನಕಲು, ಮಗುಚಿದ ಗಾಡಿಯ ಆರು ಫೋಟೋ, ನಿಮ್ಮ ಮೇಲ್ ಮತ್ತು ಅಂದಾಜು ಪಟ್ಟಿಯ ಪ್ರತಿ ಇದರ ಜೊತೆ ಇಟ್ಟಿದ್ದೇನೆ.

ಗಾಡಿ ಈಗ ಕೊಟ್ಟಿಗೆಯ ಪಕ್ಕದ ಮಾಡಿನಲ್ಲಿ ನಿಂತಿದೆ. ಕೀಲಿ ನನ್ನ ಹತ್ತಿರವೇ ಇದೆ. ಚೌಕಟ್ಟು ಬದಲಾಗುವವರೆಗೆ ಯಾರಿಗೂ ಕೊಡುವುದಿಲ್ಲ, ಉಳಿದ ಮದ್ದನ್ನು ಕೊಡಪಾನದಲ್ಲಿ ಹೊತ್ತು ಇಳಿಸುತ್ತಿದ್ದೇವೆ. ನಿಮ್ಮವರು ಬರುವುದಾದರೆ ಹಿಂದಿನ ದಿನವೇ ಫೋನ್ ಮಾಡಿ ಬರಲಿ. ಮಳೆಗೆ ಇಲ್ಲಿ ನೆಟ್‌ವರ್ಕ್ ಹೋಗಿ ಬಂದು ಮಾಡುತ್ತದೆ, ಎರಡು ಮೂರು ಸಲ ಪ್ರಯತ್ನಿಸಲು ಹೇಳಿ. ಬೂಟು ಹಾಕಿಕೊಂಡೇ ಬರಲಿ, ತೋಟದ ದಾರಿಯಲ್ಲಿ ಉಂಬಳ (ಜಿಗಣೆ) ಜಾಸ್ತಿ ಇದೆ.

ಇಂತಿ ನಿಮ್ಮ ಗ್ರಾಹಕ,
ಶಿರಸಿ ತಾಲ್ಲೂಕು.