ಪತ್ರ ಕಡಿಮೆಯಾಗಿದೆ ಅಂತ ಯಾವ ಮನೆಯನ್ನೂ ಕೈಬಿಡಬೇಡಿ

ಮಾನ್ಯ ಸಂಪಾದಕರೇ,

ಡೆನ್ಮಾರ್ಕ್‌ನ ಸರ್ಕಾರಿ ಅಂಚೆ ಕಂಪನಿ 2025ರ ಡಿಸೆಂಬರ್ 30ಕ್ಕೆ ಪತ್ರ ಹಂಚುವುದನ್ನೇ ನಿಲ್ಲಿಸಿತು. 401 ವರ್ಷದ ಸೇವೆ. ‘ಕಾಲ ಬದಲಾಯ್ತು ಬಿಡಿ’ ಅಂತ ಇಲ್ಲಿ ತುಂಬಾ ಜನ ಓದಿ ಮುಂದೆ ಹೋದರು. ನನಗೆ ಹಾಗೆ ಬಿಡೋಕೆ ಆಗಲಿಲ್ಲ.

ಆ ವರ್ಷದ ಬೇಸಿಗೆಯಲ್ಲಿ ನಾನು ಅಲ್ಲೇ ಮಗಳ ಮನೆಯಲ್ಲಿದ್ದೆ. ಬೀದಿ ಮೂಲೆಯ ಕೆಂಪು ಅಂಚೆ ಪೆಟ್ಟಿಗೆಯನ್ನು ಕಿತ್ತಿದ್ದರು, ಗೋಡೆಯಲ್ಲಿ ನಾಲ್ಕು ಬೋಲ್ಟಿನ ತೂತು ಮಾತ್ರ ಉಳಿದಿತ್ತು. ಪಕ್ಕದ ಮನೆಯ ಅಜ್ಜಿ ವಾಕರ್ ತಳ್ಳಿಕೊಂಡು ಲಕೋಟೆ ಹಿಡಿದು ಬಂದರು. ಸ್ವಲ್ಪ ಹೊತ್ತು ನಿಂತರು, ಲಕೋಟೆಯನ್ನು ಮತ್ತೆ ವಾಕರ್ ಬುಟ್ಟಿಗೆ ಇಟ್ಟುಕೊಂಡು ವಾಪಸ್ ಹೋದರು.

ಅಲ್ಲಿ 2000ದಲ್ಲಿ ವರ್ಷಕ್ಕೆ ಸುಮಾರು 140 ಕೋಟಿ ಪತ್ರ ಹೋಗುತ್ತಿತ್ತು, 2024ಕ್ಕೆ 11 ಕೋಟಿಗೆ ಇಳಿಯಿತು. ನಷ್ಟ ಆಗುತ್ತೆ, ಒಪ್ಪುತ್ತೇನೆ. ಆದರೆ ನಷ್ಟದ ಜೊತೆಗೆ ಕಾನೂನೂ ಬದಲಾಯಿತು ಅನ್ನೋದು ಮುಖ್ಯ. ಯುರೋಪಿಯನ್ ಒಕ್ಕೂಟ 1997ರಲ್ಲಿ ತಂದ ಅಂಚೆ ನಿರ್ದೇಶನ ಹೇಳುವುದಿಷ್ಟೇ: ವಾರಕ್ಕೆ ಕನಿಷ್ಠ ಐದು ದಿನ, ಪ್ರತಿ ಮನೆಗೂ, ಕೈಗೆಟುಕುವ ದರದಲ್ಲಿ ಅಂಚೆ ತಲುಪಬೇಕು. ಅದರ ಜೊತೆಗೇ ಸರ್ಕಾರಿ ಅಂಚೆಯ ಏಕಸ್ವಾಮ್ಯವನ್ನೂ ಮೆಲ್ಲಗೆ ಬಿಚ್ಚುತ್ತಾ ಬಂದರು. ಮೊದಲು 350 ಗ್ರಾಂವರೆಗಿನ ಪತ್ರವನ್ನು ಸರ್ಕಾರಿ ಅಂಚೆಗೇ ಮೀಸಲಿಡಬಹುದಿತ್ತು, ಆಮೇಲೆ 100 ಗ್ರಾಂ, ಆಮೇಲೆ 50, ಕೊನೆಗೆ 2008ರ ತಿದ್ದುಪಡಿಯಲ್ಲಿ ಅದೂ ಹೋಯಿತು, ಹೆಚ್ಚಿನ ದೇಶಗಳಲ್ಲಿ 2010ರ ಕೊನೆಗೆ, ಉಳಿದವುಗಳಲ್ಲಿ 2012ರ ಕೊನೆಗೆ ಮಾರುಕಟ್ಟೆ ಪೂರ್ತಿ ತೆರೆಯಿತು. ಡೆನ್ಮಾರ್ಕ್ ಇನ್ನೊಂದು ಹೆಜ್ಜೆ ಮುಂದೆ ಹೋಗಿ, 2024ರ ಜನವರಿಯಿಂದ ಪ್ರತಿ ಮನೆಗೂ ತಲುಪಿಸುವ ಆ ಹೊಣೆಯನ್ನೇ ಸರ್ಕಾರಿ ಕಂಪನಿಯ ಮೇಲಿಂದ ಇಳಿಸಿತು. ಅಂಚೆಗಿದ್ದ ತೆರಿಗೆ ವಿನಾಯಿತಿಯೂ ಹೋಗಿ ಒಂದು ಪತ್ರಕ್ಕೆ 29 ಕ್ರೋನರ್ ಆಯಿತು. ನಮ್ಮ ಲೆಕ್ಕದಲ್ಲಿ 350 ರೂಪಾಯಿಗೂ ಜಾಸ್ತಿ! ಯಾರು ಬರೀತಾರೆ ಹೇಳಿ? ಈಗ ಖಾಸಗಿ ಕಂಪನಿಯೊಂದು ಪತ್ರ ಹಂಚುತ್ತಿದೆ. ಪತ್ರ ಹಾಕಬೇಕಾದರೆ ಅದರ ಅಂಗಡಿ ಹುಡುಕಿಕೊಂಡು ಹೋಗಬೇಕು, ಇಲ್ಲ ಮನೆಗೆ ಕರೆಸಿಕೊಳ್ಳಲು ಬೇರೆ ದುಡ್ಡು ಕೊಡಬೇಕು.

ಜರ್ಮನಿಯಲ್ಲೂ ಪತ್ರ ಕಡಿಮೆಯಾಗಿದೆ. ಅಲ್ಲಿ 2024ರಲ್ಲಿ ಕಾನೂನು ತಿದ್ದಿದಾಗ ಗಡುವನ್ನು ಸಡಿಲ ಮಾಡಿದರು, 95% ಪತ್ರ ಮೂರು ಕೆಲಸದ ದಿನದೊಳಗೆ ತಲುಪಿದರೆ ಸಾಕು ಅಂದರು. ವೇಗ ಬಿಟ್ಟರು, ಮನೆಗಳನ್ನು ಬಿಡಲಿಲ್ಲ. ನನಗೆ ಇದೇ ಸರಿ ಅನ್ನಿಸುತ್ತೆ. ಒಕ್ಕೂಟ ಈಗ ಈ ನಿಯಮಗಳನ್ನು ಹೊಸದಾಗಿ ಬರೆಯಲು ಹೊರಟಿದೆ. ಐದು ದಿನವನ್ನು ಮೂರು ಮಾಡಲಿ, ಬೇಕಾದರೆ ಎರಡೇ ಮಾಡಲಿ, ‘ಪ್ರತಿ ಮನೆ’ ಮತ್ತು ‘ಕೈಗೆಟುಕುವ ದರ’ ಎರಡನ್ನೂ ಮುಟ್ಟಬಾರದು. ಈಗ ಉಳಿದಿರುವ ಪತ್ರಗಳಲ್ಲಿ ಮೊಬೈಲ್ ಬಳಸಲಾಗದವರಿಗೆ ಬರುವ ಆಸ್ಪತ್ರೆಯ, ಸರ್ಕಾರದ ಕಾಗದಗಳೂ ಇವೆ ಅಲ್ವಾ?

ನಮ್ಮ 2023ರ ಅಂಚೆ ಕಚೇರಿ ಕಾಯ್ದೆಯೂ ಪತ್ರದ ಮೇಲೆ ಸರ್ಕಾರಕ್ಕೆ 1898ರ ಕಾಯ್ದೆ ಕೊಟ್ಟಿದ್ದ ಏಕಸ್ವಾಮ್ಯವನ್ನು ಕೈಬಿಟ್ಟಿದೆ. ಹಳ್ಳಿಯ ಕೊನೆಯ ಮನೆಗೆ ವಾರಕ್ಕೆ ಎಷ್ಟು ದಿನ ಅಂಚೆ ಬರಬೇಕು ಅಂತ ನಮ್ಮ ಸಂಸದರು ಸಂಸತ್ತಿನಲ್ಲಿ ಈಗಲೇ ಕೇಳಲಿ.

– ಒಬ್ಬ ಓದುಗ, ಮೈಸೂರು