ಬೇಡ ಅನ್ನುವ ಮೊದಲು ಮಕ್ಕಳ ಮಾತು ಕೇಳಿ

ಮಾನ್ಯ ಸಂಪಾದಕರೇ,

ಹಾಸನದ ಕಾಲೇಜೊಂದರ ಬಿ.ಎಸ್ಸಿ. ವಿದ್ಯಾರ್ಥಿಗಳು ಒಂದು ಪ್ರಾಜೆಕ್ಟ್ ಬರೆದುಕೊಂಡು ಬಂದಿದ್ದರು. ಕರುಳಿನಲ್ಲಿ ಉರಿಯೂತ ಆದಾಗ ಟೆಟ್ರಾಥಯೋನೇಟ್ ಎಂಬ ರಾಸಾಯನಿಕ ಹುಟ್ಟುತ್ತದೆ. ಅದು ಸಿಕ್ಕಿದ ಕೂಡಲೇ ಬಣ್ಣ ತೋರಿಸುವ ಬ್ಯಾಕ್ಟೀರಿಯಾವನ್ನು ಜೀನ್ ಬದಲಿಸಿ ಮಾಡಬೇಕು ಅನ್ನೋದು ಅವರ ಆಸೆ. ಆಡಳಿತ ಮಂಡಳಿ ಒಂದೇ ಮಾತಿಗೆ ಬೇಡ ಅಂದಿತು. ರೋಗಾಣು ಹೊರಗೆ ಹೋದರೆ ಯಾರು ಹೊಣೆ ಅಂತ ಕೇಳಿದರು. ನಾನು ಸೂಕ್ಷ್ಮಜೀವಿ ವಿಜ್ಞಾನ ಪಾಠ ಮಾಡುವವಳು, ಅದು ಕೇಳಬೇಕಾದ ಪ್ರಶ್ನೆಯೇ. ಆದರೆ ಉತ್ತರ ಹೇಳಲು ಮಕ್ಕಳಿಗೆ ಐದು ನಿಮಿಷವನ್ನೂ ಕೊಡಲಿಲ್ಲ, ನನಗೆ ಬೇಜಾರಾಗಿದ್ದು ಅದಕ್ಕೆ.

ಅವರು ಬಳಸಬೇಕೆಂದಿದ್ದು ಇ. ಕೋಲಿ ಎಂಬ ಕರುಳಿನ ಬ್ಯಾಕ್ಟೀರಿಯಾದ ಕೆ-12 ತಳಿ. 1922ರಲ್ಲಿ ಅಮೆರಿಕದಲ್ಲಿ ಸಿಕ್ಕಿದ್ದು ಅದು, ಅಲ್ಲಿಂದ ಲ್ಯಾಬಿನಲ್ಲೇ ಬೆಳೆದು ಬೆಳೆದು ಮನುಷ್ಯರ ಕರುಳಿನಲ್ಲಿ ನೆಲೆಯೂರುವ ಶಕ್ತಿಯನ್ನು ಬಹುಮಟ್ಟಿಗೆ ಕಳೆದುಕೊಂಡಿದೆ. 1978ರಲ್ಲಿ ಇ. ಕೋಲಿಯಿಂದಲೇ ಮನುಷ್ಯರ ಇನ್ಸುಲಿನ್ ಮಾಡಿಸಿದರು, 1982ರಲ್ಲಿ ಅಮೆರಿಕ ಅದನ್ನು ಔಷಧವೆಂದು ಒಪ್ಪಿತು. ಅದಕ್ಕೂ ಮೊದಲು ಹಂದಿ, ದನಗಳ ಮೇದೋಜೀರಕ ಗ್ರಂಥಿಯಿಂದ ತೆಗೆಯುತ್ತಿದ್ದರು. ನಮ್ಮ ಬೆಂಗಳೂರಿನ ಬಯೋಕಾನ್ 2004ರಲ್ಲಿ ಯೀಸ್ಟ್‌ನಿಂದ ಮಾಡಿದ ಇನ್ಸುಲಿನ್ ತಂದಿತು. ಇವತ್ತು ಹಾಸನದ ಯಾವ ಬೀದಿಯಲ್ಲಿ ಇನ್ಸುಲಿನ್ ತೆಗೆದುಕೊಳ್ಳುವವರಿಲ್ಲ ಹೇಳಿ? ಜೀನ್ ಬದಲಿಸಿದ ಜೀವಿ ಮಾಡಿಕೊಟ್ಟ ಔಷಧ ನಮಗೆ ಬೇಕು, ಆ ವಿದ್ಯೆ ಮಾತ್ರ ನಮ್ಮ ಮಕ್ಕಳಿಗೆ ಬೇಡ ಅಂದರೆ ಹೇಗೆ?

ಎಚ್ಚರಿಕೆ ಖಂಡಿತ ಬೇಕು. ಪ್ಲಾಸ್ಮಿಡ್ ಅಂದರೆ ಹೊಸ ಜೀನ್ ಹೊತ್ತೊಯ್ಯುವ ಡಿಎನ್‌ಎ ಉಂಗುರ. ಅದು ಒಳಗೆ ಹೋದ ಬ್ಯಾಕ್ಟೀರಿಯಾವನ್ನಷ್ಟೇ ಆರಿಸಿಕೊಳ್ಳಲು ಸಾಮಾನ್ಯವಾಗಿ ಅದರಲ್ಲೊಂದು ಆಂಟಿಬಯೋಟಿಕ್‌ಗೆ ಜಗ್ಗದಂತೆ ಮಾಡುವ ಜೀನ್ ಇಟ್ಟಿರುತ್ತಾರೆ, ಅದು ಚರಂಡಿ ಸೇರಲೇಬಾರದು. ಕೆಲಸ ಮುಗಿದ ಪ್ರತಿ ಪ್ಲೇಟನ್ನೂ ಹಬೆಯ ಒತ್ತಡದಲ್ಲಿ ಸೂಕ್ಷ್ಮಜೀವಿ ಕೊಲ್ಲುವ ಯಂತ್ರವಾದ ಆಟೋಕ್ಲೇವ್‌ನಲ್ಲಿ 121 ಡಿಗ್ರಿ ಶಾಖಕ್ಕೆ ಇಟ್ಟ ಮೇಲೆಯೇ ಎಸೆಯಬೇಕು. ಇದಕ್ಕೆಲ್ಲ ದೇಶದಲ್ಲಿ 1989ರಿಂದ ನಿಯಮ ಇದೆ. ಜೀನ್ ಕೆಲಸ ಮಾಡುವ ಸಂಸ್ಥೆಯಲ್ಲಿ ಜೈವಿಕ ಸುರಕ್ಷತಾ ಸಮಿತಿ ಇರಬೇಕು, ಅದರಲ್ಲಿ ಕೇಂದ್ರದ ಜೈವಿಕ ತಂತ್ರಜ್ಞಾನ ಇಲಾಖೆಯ ಪ್ರತಿನಿಧಿ ಇರಬೇಕು, ವೈದ್ಯರೊಬ್ಬರು ಇರಬೇಕು. ಮಕ್ಕಳ ಪ್ರಾಜೆಕ್ಟ್ ಅಂತೂ ಪೆಟ್ರಿ ಡಿಶ್‌ನಲ್ಲೇ ಮುಗಿಯುವಂಥದ್ದು, ಯಾವ ರೋಗಿಗೂ ಕೊಡುವುದಿಲ್ಲ.

ಅಮೆರಿಕದ ಎಂಐಟಿಯಲ್ಲಿ 2004ರಲ್ಲಿ 5 ತಂಡಗಳೊಂದಿಗೆ ಶುರುವಾದ ಐಜೆಮ್ ಎಂಬ, ಜೀನ್ ಬದಲಿಸಿ ಹೊಸ ಗುಣದ ಜೀವಿ ಮಾಡುವ ಸ್ಪರ್ಧೆಗೆ ಈಗ ನೂರಾರು ವಿದ್ಯಾರ್ಥಿ ತಂಡಗಳು ಬರುತ್ತವೆ. ಐಐಟಿ, ಕೇಂದ್ರದ ವಿಜ್ಞಾನ ಸಂಸ್ಥೆಗಳಾದ ಐಸರ್‌ಗಳ ಮಕ್ಕಳೂ ಹೋಗಿದ್ದಾರೆ. ಅದರ ನೋಂದಣಿ ಶುಲ್ಕವೇ ಸಾವಿರಾರು ಡಾಲರ್. ನಮ್ಮ ಮಕ್ಕಳು ಅಷ್ಟು ದೂರದ್ದನ್ನು ಕೇಳುತ್ತಿಲ್ಲ. ಒಂದು ಇನ್‌ಕ್ಯುಬೇಟರ್, ಒಂದು ಆಟೋಕ್ಲೇವ್, ಡಿಎನ್‌ಎ ಕತ್ತರಿಸಿ ಜೋಡಿಸುವ ಎಂಜೈಮ್ ಇಡಲು ಮೈನಸ್ 20 ಡಿಗ್ರಿಯ ಫ್ರೀಜರ್, ಅದಕ್ಕೆ ಜನರೇಟರ್. ಮಳೆಗಾಲದಲ್ಲಿ ಈ ಕಡೆ ಕರೆಂಟ್ ಹೋದರೆ ಬರುವುದು ಯಾವಾಗ ಅಂತ ಎಲ್ಲರಿಗೂ ಗೊತ್ತು, ಸಾವಿರಾರು ರೂಪಾಯಿಯ ಎಂಜೈಮ್ ಸುಮ್ನೆ ಹಾಳಾಗುತ್ತದೆ.

ಪ್ರತಿ ಕಾಲೇಜಿಗೂ ಇದು ಹೊರೆಯೇ. ಹಾಸನದಲ್ಲಿ ವೈದ್ಯಕೀಯ ಕಾಲೇಜಿದೆ, ಎಂಜಿನಿಯರಿಂಗ್ ಕಾಲೇಜುಗಳಿವೆ, ಹೇಮಗಂಗೋತ್ರಿ ವಿಶ್ವವಿದ್ಯಾಲಯ ಕ್ಯಾಂಪಸ್ ಇದೆ. ಯಾವುದಾದರೂ ಒಂದು ಸಂಸ್ಥೆ ಸಮಿತಿ, ಲ್ಯಾಬ್ ಎರಡನ್ನೂ ಇಟ್ಟುಕೊಂಡು ಹಾಸನ, ಚಿಕ್ಕಮಗಳೂರಿನ ವಿದ್ಯಾರ್ಥಿಗಳಿಗೆ ಜಾಗ ಕೊಡಲಿ. ಅರ್ಜಿ, ಕಾಗದಪತ್ರದ ಕೆಲಸ ನಾನು ಮಾಡಿಕೊಡುತ್ತೇನೆ. ಈ ಮಕ್ಕಳದ್ದು ಇನ್ನೊಂದೇ ಸೆಮಿಸ್ಟರ್ ಉಳಿದಿದೆ, ಬೇಗ ಆಗಬೇಕು.

– ಸೂಕ್ಷ್ಮಜೀವಿ ವಿಜ್ಞಾನ ಉಪನ್ಯಾಸಕಿ, ಹಾಸನ