ನಮ್ಮ ಕುಂಬಾರಿಕೆ ಮನೆಗೆ ಒಂದು ಭಟ್ಟಿ ಬೇಕು

ಪ್ರೀತಿಯ ಬಂಧುಗಳೇ,

ಮೈಸೂರಿನ ಕುಂಬಾರಕೊಪ್ಪಲಿನ ಹತ್ತಿರ ನಾವು ಕೆಲವರು ಸೇರಿ ಒಂದು ಕುಂಬಾರಿಕೆ ಮನೆ ನಡೆಸುತ್ತಿದ್ದೇವೆ. ತಲೆತಲಾಂತರದಿಂದ ಮಡಕೆ ಮಾಡಿದ ಮನೆತನದವರಿದ್ದಾರೆ. ಕಾಲೇಜು ಹುಡುಗ ಹುಡುಗಿಯರಿದ್ದಾರೆ. ಮನೆಗೆಲಸ ಮುಗಿಸಿ ಮಧ್ಯಾಹ್ನ ಬಂದು ಕೂರುವ ಹೆಂಗಸರಿದ್ದಾರೆ, ಕೆಲಸದಿಂದ ನಿವೃತ್ತರಾದವರೂ ಇದ್ದಾರೆ. ತಿಗರಿ (ಕುಂಬಾರರ ಚಕ್ರ), ಮಣ್ಣು, ಬಾಡಿಗೆ, ಕರೆಂಟ್ ಬಿಲ್ಲು ಎಲ್ಲವನ್ನೂ ಹಂಚಿಕೊಳ್ಳುತ್ತೇವೆ. ಪಾತ್ರೆ ಸುಡಲು ಸ್ವಂತ ಭಟ್ಟಿ ಮಾತ್ರ ಇಲ್ಲ. ಈ ಮನವಿ ಅದಕ್ಕಾಗಿ.

ಹಸಿ ಮಣ್ಣಿನ ಪಾತ್ರೆ ಎಷ್ಟೇ ಚೆಂದ ಇರಲಿ, ಸುಡದಿದ್ದರೆ ನೀರು ತಾಗಿದ ಕೂಡಲೇ ಕರಗಲು ಶುರುವಾಗುತ್ತದೆ. ಗಣೇಶನ ಮೂರ್ತಿಗೆ ಅದೇ ಒಳ್ಳೆಯದು, ಸುಡುವುದೇ ಬೇಡ. ಆದರೆ ಹಣತೆ, ಗಡಿಗೆ, ಹೂಕುಂಡ, ಕಾಫಿ ಕಪ್ಪು ಇವೆಲ್ಲ ಬೆಂಕಿ ಕಾಣಲೇಬೇಕು. ಈಗ ನಾವು ಹಣತೆ, ಮಡಕೆಗಳನ್ನು ಹಳೆಯ ಪದ್ಧತಿಯಂತೆ ಆವಿಗೆಯಲ್ಲಿ, ಅಂದರೆ ತೆರೆದ ಗೂಡಿನಲ್ಲಿ, ಸುಡುತ್ತಿದ್ದೇವೆ. ಸೌದೆ, ಹುಲ್ಲು, ತೆಂಗಿನ ಮಟ್ಟೆ ಇಟ್ಟು ಬೆಂಕಿ ಹಾಕುತ್ತೇವೆ. ಊರಾಚೆ ಬಯಲಿದ್ದ ಕಾಲಕ್ಕೆ ಅದು ಸರಿ ಇತ್ತು. ಈಗ ಸುತ್ತ ಮನೆಗಳಾಗಿವೆ. ಹೊಗೆ ಎದ್ದರೆ ಅಕ್ಕಪಕ್ಕದವರು ಬೈಯುತ್ತಾರೆ. ಬೈಯದೆ ಇನ್ನೇನು ಮಾಡುತ್ತಾರೆ, ಒಣಗಲು ಹಾಕಿದ ಬಟ್ಟೆಗೆಲ್ಲ ಮಸಿ! ಸಾಲದ್ದಕ್ಕೆ ದಸರಾ ಗೊಂಬೆ, ದೀಪಾವಳಿ ಹಣತೆಗೆ ಕೈತುಂಬ ಕೆಲಸ ಇರುವುದೇ ಮಳೆಯ ತಿಂಗಳುಗಳಲ್ಲಿ.

ಆವಿಗೆಯ ಶಾಖ ಎಲ್ಲ ಕಡೆ ಒಂದೇ ಸಮ ಇರುವುದಿಲ್ಲ. ನೀರಿನ ಮಡಕೆಗೆ ಅದರಿಂದ ಅಷ್ಟೇನೂ ತೊಂದರೆ ಇಲ್ಲ. ಮಡಕೆಯ ಮೈಯಲ್ಲಿ ಕಣ್ಣಿಗೆ ಕಾಣದಷ್ಟು ಸಣ್ಣ ತೂತು ಉಳಿದು, ನೀರು ಜಿನುಗಿ ಆರುವುದರಿಂದಲೇ ಒಳಗಿನ ನೀರು ತಣ್ಣಗಿರುವುದು. ದಿನಾ ತೊಳೆದು ಬಳಸುವ ಕಪ್ಪು, ತಟ್ಟೆಯ ವಿಷಯ ಬೇರೆ. ಅವಕ್ಕೆ ಗ್ಲೇಜ್ ಬೇಕು, ಅಂದರೆ ಪಾತ್ರೆಯ ಮೇಲೆ ಕರಗಿ ಕೂತ ತೆಳು ಗಾಜು. ಮೊದಲು ಪಾತ್ರೆಯನ್ನು 900ರಿಂದ 1,000 ಡಿಗ್ರಿ ಸೆಲ್ಸಿಯಸ್‌ನಲ್ಲಿ ಸುಡಬೇಕು, ಆಮೇಲೆ ಗ್ಲೇಜ್ ಹಚ್ಚಿ ಇನ್ನೊಮ್ಮೆ. ಹೆಚ್ಚು ಶಾಖದಲ್ಲಿ ಕಲ್ಲಿನಂತೆ ಗಟ್ಟಿಯಾಗುವ ಸ್ಟೋನ್‌ವೇರ್ ಮಣ್ಣಿಗೆ ಆ ಎರಡನೇ ಸುಡುವಿಕೆ ಸುಮಾರು 1,200 ಡಿಗ್ರಿ ದಾಟಬೇಕು. ಶಾಖ ಏರಿಸುವುದೂ ನಿಧಾನ. ಅವಸರ ಮಾಡಿದರೆ ಮಣ್ಣಿನೊಳಗೆ ಉಳಿದ ನೀರು ಆವಿಯಾಗಿ ಪಾತ್ರೆಯನ್ನೇ ಒಡೆಯುತ್ತದೆ. ಸುಟ್ಟಾದ ಮೇಲೆ ತಣಿಯುವ ತನಕ ಬಾಗಿಲು ತೆಗೆಯುವಂತಿಲ್ಲ. ಹೊಸಬರಿಗೆ ಇದೇ ಕಷ್ಟ, ಕೈ ಸುಮ್ನೆ ಇರುವುದಿಲ್ಲ.

ಶಿವಶರಣ ಕುಂಬಾರ ಗುಂಡಯ್ಯನವರು ಮಡಕೆ ಬಾರಿಸಿದರೆ ಶಿವ ಕುಣಿದ ಅಂತ ಕತೆ ಇದೆ. ನಾವೂ ಸುಟ್ಟ ಮಡಕೆಯನ್ನು ಬಾರಿಸಿಯೇ ನೋಡುತ್ತೇವೆ. ಟಣ್ ಅಂದರೆ ಸರಿ, ಮಂದ ಸದ್ದು ಬಂದರೆ ಎಲ್ಲೋ ಬಿರುಕು. ಈಗ ಮಂದ ಸದ್ದೇ ಜಾಸ್ತಿ. ಕಪ್ಪು, ತಟ್ಟೆಗಳನ್ನು ಸುಡಿಸಲು ಬೇರೆಯವರ ಭಟ್ಟಿಗೆ ಆಟೋದಲ್ಲಿ ಒಯ್ಯುತ್ತೇವೆ. ಹಸಿ ಪಾತ್ರೆ ರಸ್ತೆಯ ಹಂಪ್ ತಡೆಯುವುದಿಲ್ಲ.

ಭಟ್ಟಿಯ ಬದಲು ಇನ್ನಷ್ಟು ತಿಗರಿ ತರಬಹುದಲ್ವಾ ಅಂತ ಕೆಲವರು ಕೇಳುತ್ತಾರೆ. ಕರೆಂಟ್ ತಿಗರಿಗೆ ಖಾದಿ ಮತ್ತು ಗ್ರಾಮೋದ್ಯೋಗ ಆಯೋಗದ ಕುಂಬಾರ ಸಶಕ್ತೀಕರಣ ಯೋಜನೆ ಇದೆ, ಒಳ್ಳೆಯ ಯೋಜನೆಯೇ. ಆದರೆ ತಿಗರಿ ಜೋರಾದಷ್ಟೂ ಸುಡದ ಪಾತ್ರೆ ಗುಡ್ಡೆ ಬೀಳುತ್ತದೆ. ಒಬ್ಬೊಬ್ಬರೇ ಭಟ್ಟಿ ಕೊಳ್ಳುವುದಂತೂ ದಂಡ. ಅರ್ಧ ತುಂಬಿಸಿ ಹಚ್ಚಿದರೂ ಕರೆಂಟೇನೂ ಅರ್ಧಕ್ಕೆ ಇಳಿಯುವುದಿಲ್ಲ. ಎಲ್ಲರ ಪಾತ್ರೆ ಒಟ್ಟಿಗೆ ಜೋಡಿಸಿ, ಭಟ್ಟಿಯೊಳಗಿನ ಹಲಗೆಯಲ್ಲಿ ಹಿಡಿದ ಜಾಗಕ್ಕೆ ತಕ್ಕಂತೆ ಖರ್ಚು ಹಂಚಿಕೊಂಡರೆ ಹಣತೆ ಮಾಡುವ ಅಜ್ಜಿಗೂ ಗಿಟ್ಟುತ್ತದೆ.

ಕರೆಂಟ್ ಭಟ್ಟಿ, ತ್ರೀ ಫೇಸ್ ಸಂಪರ್ಕ, ಶಾಖ ತಡೆಯುವ ಹಲಗೆಗಳು, ಬಿಸಿಗಾಳಿ ಹೊರಹಾಕುವ ಫ್ಯಾನು ಎಲ್ಲ ಸೇರಿ ನಾವು ಹಾಕಿರುವ ಲೆಕ್ಕ 4 ಲಕ್ಷ ರೂಪಾಯಿ. ಸದಸ್ಯರು ಕೈಯಿಂದ 1 ಲಕ್ಷ ಕೂಡಿಸಿದ್ದೇವೆ. ಉಳಿದ 3 ಲಕ್ಷಕ್ಕೆ ನಿಮ್ಮ ಮುಂದೆ ಕೈ ಚಾಚಿದ್ದೇವೆ. 100 ರೂಪಾಯಿ ಕೊಟ್ಟರೂ ರಸೀದಿ ಕೊಡುತ್ತೇವೆ. ಹಣ ಬಳಗದ ಬ್ಯಾಂಕ್ ಖಾತೆಗೇ ಬರಲಿ, ಯಾರ ಸ್ವಂತ ನಂಬರಿಗೂ ಕಳಿಸಬೇಡಿ. ಖರ್ಚಿನ ಬಿಲ್ಲುಗಳನ್ನು ಬಾಗಿಲಲ್ಲೇ ಅಂಟಿಸುತ್ತೇವೆ, ಯಾರು ಬೇಕಾದರೂ ನೋಡಬಹುದು.

ಹಣವೇ ಆಗಬೇಕೆಂದಿಲ್ಲ. ವೈರಿಂಗ್ ಬಲ್ಲವರು ಒಂದು ದಿನದ ಕೆಲಸ ಕೊಡಬಹುದು. ಮನೆ ಕಟ್ಟುವಾಗ ಪಾಯದಲ್ಲಿ ಒಳ್ಳೆಯ ಜೇಡಿಮಣ್ಣು ಸಿಕ್ಕರೆ ಎಸೆಯುವ ಮೊದಲು ನಮಗೆ ಹೇಳಿ. ಹಳೆಯ ಕಬ್ಬಿಣದ ರ್‍ಯಾಕ್ ಇದ್ದರೂ ಆಗುತ್ತದೆ.

ದೇವಸ್ಥಾನದ ಟ್ಯೂಬ್‌ಲೈಟಿನ ಹಾಗೆ ಭಟ್ಟಿಯ ಮೈಮೇಲೆ ದಾನಿಗಳ ಹೆಸರು ಬರೆಯಲಾಗದು. ಹೆಸರು ಬೇಕೆನ್ನುವವರಿಗೆ ಮಣ್ಣಿನ ಬಿಲ್ಲೆಯ ಮೇಲೆ ಬರೆದು, ಹೊಸ ಭಟ್ಟಿಯಲ್ಲೇ ಸುಟ್ಟು, ಗೋಡೆಗೆ ಹಾಕುತ್ತೇವೆ. ಕೊಡುವ ಮೊದಲು ಒಮ್ಮೆ ಬಂದು ನೋಡಿದರೆ ಇನ್ನೂ ಸಂತೋಷ. ಭಾನುವಾರ ಬೆಳಗ್ಗೆ ಬಾಗಿಲು ತೆರೆದೇ ಇರುತ್ತದೆ. ಮಕ್ಕಳನ್ನು ಕರೆದುಕೊಂಡು ಬರುವುದಾದರೆ ಹಳೆಯ ಬಟ್ಟೆ ಹಾಕಿಸಿಕೊಂಡು ಬನ್ನಿ.

ಇಂತಿ,
ಕುಂಬಾರಿಕೆ ಬಳಗದ ಸದಸ್ಯರು